ಮೊಲ್ಲೆಂ ಹಿತ್ತಲಿನ ದಾಸವಾಳದ ಗಿಡದಲ್ಲಿ

ದೂಧಸಾಗರದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಜಲಪಾತ ಚೆಂದವೇ, ಆದರೆ ಲೈಫ್ ಜಾಕೆಟ್ ಹಾಕಿಕೊಂಡ ಗುಂಪಿನ ನಡುವೆ ನೂಕಾಡಿಕೊಂಡು ನೋಡುವುದು ನನಗೆ ಹಿಡಿಸಲಿಲ್ಲ. ಈ ಗೋವಾ ಪ್ರವಾಸದಲ್ಲಿ ನನಗೆ ನಿಜಕ್ಕೂ ಖುಷಿ ಕೊಟ್ಟಿದ್ದು ಮೊಲ್ಲೆಂನಲ್ಲಿ ನಾವು ಉಳಿದಿದ್ದ ಮನೆಯ ಹಿತ್ತಲು.

ಊಟ ಮುಗಿಸಿ ದಾಸವಾಳದ ಗಿಡಕ್ಕೆ ಟಾರ್ಚ್ ಬಿಟ್ಟೆ. ಅಲ್ಲೊಂದು ಕೀಟ ಕೂತಿತ್ತು. ಹಸಿರು ರೆಕ್ಕೆ, ಅದರ ಮೇಲೆ ಥೇಟ್ ಎಲೆಯ ನರಗಳಂಥ ಗೆರೆ. ತೆಳ್ಳನೆಯ ಮೀಸೆ ಮೈಗಿಂತಲೂ ಉದ್ದ. ಅಲ್ಲಿಗೇ ಗೊತ್ತಾಯಿತು, ಇದು ಬುಷ್ ಕ್ರಿಕೆಟ್, ಅಂದರೆ ಮಿಡತೆಯಂತೆ ಕಾಣುವ ಹಾಡುವ ಕೀಟ. ಗದ್ದೆಯಲ್ಲಿ ನೋಡುವ ಮಾಮೂಲಿ ಮಿಡತೆಯ ಮೀಸೆ ಗಿಡ್ಡ.

ಅಡುಗೆ ಮಾಡುವ ಅಕ್ಕ ಖಾನಾಪುರದ ಕಡೆಯವರು. ಬಾಗಿಲಿಂದಲೇ ಕೂಗಿದರು, "ಮುಟ್ಟಬ್ಯಾಡ್ರಿ ಅಣ್ಣಾರ, ಹಿಂದ ಕತ್ತಿ ಐತಿ, ಚುಚ್ಚತೈತಿ!"

"ಚುಚ್ಚಲ್ಲ ಅಕ್ಕ. ಇದು ಹೆಣ್ಣು, ಅದು ಮೊಟ್ಟೆ ಇಡೋ ಕೊಳವೆ. ಕೆಲವು ಮಣ್ಣಿಗೆ ಚುಚ್ಚಿ ಇಡುತ್ತವೆ, ಕೆಲವು ಗಿಡದ ಕಾಂಡಕ್ಕೆ."

"ಹಂಗಾರ ಒದರೂದು ಯಾವುದು?"

ಒದರುತ್ತಿದ್ದ ಗಂಡು ಅದೇ ಪೊದೆಯೊಳಗಿತ್ತು. ಗಂಡಿನ ಎಡರೆಕ್ಕೆಯ ಅಡಿಯಲ್ಲಿ ಸಣ್ಣ ಹಲ್ಲುಗಳ ಸಾಲಿರುತ್ತೆ, ಅದನ್ನು ಬಲರೆಕ್ಕೆಯ ಅಂಚು ಉಜ್ಜಿದಾಗ ದನಿ ಬರುತ್ತೆ ಅಂದೆ. ಕಿವಿ ಎಲ್ಲಿ ಅಂತ ಕೇಳಿದರು. ಮುಂಗಾಲಿನಲ್ಲಿ, ಮೊಣಕಾಲಿನ ಸ್ವಲ್ಪ ಕೆಳಗೆ ಇರುವ ಸೀಳು ತೋರಿಸಿದೆ. ಹತ್ತಿರ ಬಂದು ತುಂಬಾ ಹೊತ್ತು ಬಗ್ಗಿ ನೋಡಿದರು.

"ಕಾಲು ಮುರದ್ರ ಕಿವುಡ ಆಗತೈತೇನ್ರಿ?"

ಎಂಥಾ ಪ್ರಶ್ನೆ! ಒಂದು ಮುಂಗಾಲು ಉಳಿದರೂ ಕೇಳಿಸುತ್ತೆ. ಆದರೆ ಗಂಡು ಯಾವ ಕಡೆ ಕೂತಿದೆ ಅಂತ ಗೊತ್ತಾಗಬೇಕಾದರೆ ಎರಡೂ ಕಾಲಿನ ಕಿವಿ ಬೇಕು. ಇನ್ನೊಂದು ವಿಷಯ, ದನಿ ಕಾಲಿನ ಸೀಳಿನಿಂದ ಮಾತ್ರ ಅಲ್ಲ, ಎದೆಯ ಪಕ್ಕದ ಉಸಿರಿನ ತೂತಿನಿಂದಲೂ ಒಳಗೆ ಹೋಗಿ ಕೊಳವೆಯ ಮೂಲಕ ಕಾಲಿನವರೆಗೆ ಇಳಿಯುತ್ತೆ. ಇದನ್ನು ಹೇಳಿದ ಮೇಲೆ ಒಳಗಿದ್ದ ಮಗಳನ್ನೂ ಕರೆದು ತೋರಿಸಿದರು.

ಮಾರನೇ ದಿನ ಟ್ಯಾಕ್ಸಿಯವನು ಮುಂಗಡ ತಗೊಂಡು ಬರಲೇ ಇಲ್ಲ, ಕುಲೆಂನಲ್ಲಿ ರೈಲು ತಪ್ಪಿತು. ದಯವಿಟ್ಟು ಗಾಡಿ ಬಾಗಿಲಿಗೆ ಬರುವವರೆಗೆ ಯಾರಿಗೂ ದುಡ್ಡು ಕೊಡಬೇಡಿ.

ಬುಷ್ ಕ್ರಿಕೆಟ್ ನೋಡಲೆಂದೇ ಹೋಗುವವರು ಮಳೆ ಕಡಿಮೆಯಾದ ಮೇಲೆ ಹೋಗಿ. ಸುಮ್ನೆ ಫೋಟೊ ತೆಗೆದು ಬರಬೇಡಿ, ದನಿಯನ್ನೂ ರೆಕಾರ್ಡ್ ಮಾಡಿ. ದಕ್ಷಿಣ ಭಾರತದ ಮೆಕೊಪೋಡ ಎಂಬ ಗುಂಪಿನಲ್ಲಿ ನೋಡೋಕೆ ಒಂದೇ ಥರ ಇರುವ ಕೀಟಗಳು 5 ಬೇರೆ ಬೇರೆ ಬಗೆಯಲ್ಲಿ ಹಾಡುತ್ತವೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2006ರಲ್ಲೇ ಪ್ರಕಟಿಸಿದ್ದಾರೆ. ಅಂಥವನ್ನು ಕಣ್ಣಿಂದ ಬೇರೆ ಮಾಡೋಕಾಗಲ್ಲ, ಕಿವಿಯಿಂದಲೇ ಆಗಬೇಕು.