ಜೋರ್ಡಾನ್‌ಗೆ ಹೋಗ್ತೀರಾ? ಕರಕ್ ಕೋಟೆಗೆ ಅರ್ಧ ದಿನ ಇಡಿ

ಜೋರ್ಡಾನ್ ಪ್ರವಾಸ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರುವುದು ಪೆಟ್ರಾ, ವಾದಿ ರಮ್, ಮೃತ ಸಮುದ್ರ. ಮೂರೂ ಚೆನ್ನಾಗಿವೆ, ಯಾವುದನ್ನೂ ಬಿಡಬೇಡಿ. ಆದರೆ ಇದೇ ಓಡಾಟದಲ್ಲಿ ಇನ್ನೂ ಮೂರು ಹೆಸರು ಸೇರಿಸಿಕೊಳ್ಳಿ: ಅಜ್ಲೂನ್, ಕರಕ್, ಶೋಬಕ್. ಮೂರೂ 12ನೇ ಶತಮಾನದ ಕೋಟೆಗಳು. ಕ್ರೈಸ್ತರಿಗೂ ಮುಸ್ಲಿಮರಿಗೂ ಸುಮಾರು 200 ವರ್ಷ ನಡೆದ ಧರ್ಮಯುದ್ಧಗಳು, ಅಂದರೆ ಕ್ರುಸೇಡ್‌ಗಳು, ನಮಗೆಲ್ಲ ಹೈಸ್ಕೂಲಿನಲ್ಲಿ ಒಂದೆರಡು ಪುಟದ ಪಾಠ. ಇಲ್ಲಿ ಅದು ಕಲ್ಲಿನಲ್ಲೇ ಇದೆ. ಪ್ಯಾಕೇಜ್ ಟೂರ್‌ನವರು ಪೆಟ್ರಾಕ್ಕೆ ಹೋಗುವ ದಾರಿಯಲ್ಲಿ ಕರಕ್‌ನಲ್ಲಿ ಬಸ್ ನಿಲ್ಲಿಸಿ, ಫೋಟೋ ತೆಗೆಸಿ, ಹೊರಟುಬಿಡುತ್ತಾರೆ. ನಾನೂ ನನ್ನ ಹೆಂಡತಿಯೂ ಬಾಡಿಗೆ ಕಾರಿನಲ್ಲಿ ನಿಧಾನವಾಗಿ ಸುತ್ತಿದೆವು. ಹಾಗೆ ಸುತ್ತಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ವೀಸಾ ಮತ್ತು ಟಿಕೆಟ್ ವಿಷಯ. ನಾವು ಹೋದಾಗ ಭಾರತೀಯರಿಗೆ ಅಮ್ಮಾನ್ ವಿಮಾನ ನಿಲ್ದಾಣದಲ್ಲೇ ವೀಸಾ ಸಿಗುತ್ತಿತ್ತು, ಶುಲ್ಕ 40 ದಿನಾರ್. ಒಂದು ದಿನಾರ್ ಅಂದರೆ ಹತ್ತಿರ ಹತ್ತಿರ 1.4 ಡಾಲರ್, ಹಾಗಾಗಿ ಲೆಕ್ಕ ಹಾಕುವಾಗ ಹುಷಾರು. ಹೊರಡುವ ಮುಂಚೆಯೇ ಆನ್‌ಲೈನ್‌ನಲ್ಲಿ ಜೋರ್ಡಾನ್ ಪಾಸ್ ಕೊಂಡುಕೊಳ್ಳಿ. ಪೆಟ್ರಾ ಎಷ್ಟು ದಿನ ನೋಡುತ್ತೀರಿ ಅನ್ನುವುದರ ಮೇಲೆ 70, 75, 80 ದಿನಾರ್ ಇತ್ತು. ಪಾಸ್ ಇದ್ದು, ದೇಶದಲ್ಲಿ ಕನಿಷ್ಠ ಮೂರು ರಾತ್ರಿ ಉಳಿದರೆ ವೀಸಾ ಶುಲ್ಕ ಮಾಫಿ. ಪೆಟ್ರಾದ ಒಂದು ದಿನದ ಟಿಕೆಟ್ಟೇ 50 ದಿನಾರ್ ಆದ್ದರಿಂದ ಪಾಸ್‌ನಲ್ಲೇ ಉಳಿತಾಯ ಜಾಸ್ತಿ. ಈ ಮೂರು ಕೋಟೆಗಳೂ ಅದರಲ್ಲೇ ಸೇರಿವೆ. ದರ, ನಿಯಮ ಬದಲಾಗುತ್ತಿರುತ್ತವೆ, ಹೊರಡುವ ವಾರ ಇನ್ನೊಮ್ಮೆ ನೋಡಿಕೊಳ್ಳಿ. ಹಾಗೇ ಭಾರತದ ರಾಯಭಾರ ಕಚೇರಿಯ ಸೂಚನೆಗಳನ್ನೂ ಓದಿ. ಅಕ್ಕಪಕ್ಕದ ದೇಶಗಳಲ್ಲಿ ಗಲಾಟೆ ಎದ್ದರೆ ವಿಮಾನಗಳು ಅದಲುಬದಲಾಗುತ್ತವೆ. ಬೆಂಗಳೂರಿನಿಂದಾಗಲಿ ಮಂಗಳೂರಿನಿಂದಾಗಲಿ ಕೊಲ್ಲಿಯ ಯಾವುದಾದರೂ ಊರಿನಲ್ಲಿ ಇಳಿದು ವಿಮಾನ ಬದಲಿಸಿ ಹೋಗಬಹುದು. ದುಬೈನಲ್ಲೋ ದೋಹಾದಲ್ಲೋ ನೆಂಟರಿದ್ದರೆ ಅಲ್ಲಿ ಎರಡು ದಿನ ಉಳಿದು ಹೊರಟರೆ ಆಯಾಸವೂ ಕಡಿಮೆ.

ಇನ್ನು ಕೋಟೆಗಳನ್ನು ಯಾವ ಕ್ರಮದಲ್ಲಿ ನೋಡಬೇಕು? ನನ್ನ ಸಲಹೆ: ಮೊದಲು ಅಜ್ಲೂನ್, ಆಮೇಲೆ ಕರಕ್, ಕೊನೆಗೆ ಶೋಬಕ್. ಅಜ್ಲೂನ್ ಮುಸ್ಲಿಮರು ಕಟ್ಟಿದ ಕೋಟೆ, ಉಳಿದೆರಡು ಕ್ರುಸೇಡರುಗಳದ್ದು, ಅಂದರೆ ಆ ಯುದ್ಧಕ್ಕೆ ಯೂರೋಪಿನಿಂದ ಬಂದ ಕ್ರೈಸ್ತರದ್ದು. ಮುಸ್ಲಿಮರು ಏನನ್ನು ಕಾಯುತ್ತಿದ್ದರು ಅಂತ ಮೊದಲು ನೋಡಿದರೆ, ಕ್ರುಸೇಡರುಗಳ ಕೋಟೆ ಚೆನ್ನಾಗಿ ಅರ್ಥವಾಗುತ್ತದೆ.

ಅಲ್ಲಿಗೆ ಹೋಗುವ ಮುಂಚೆ ಇಷ್ಟು ಗೊತ್ತಿದ್ದರೆ ಸಾಕು. 1095ರ ನವೆಂಬರ್‌ನಲ್ಲಿ ಫ್ರಾನ್ಸಿನ ಕ್ಲರ್ಮಾಂಟ್‌ನಲ್ಲಿ ಪೋಪ್ ಎರಡನೇ ಅರ್ಬನ್ ಜೆರುಸಲೇಮನ್ನು ಬಿಡಿಸಿಕೊಳ್ಳಲು ಕರೆ ಕೊಟ್ಟರು. 1099ರ ಜುಲೈ 15ಕ್ಕೆ ಯೂರೋಪಿನ ಸೈನ್ಯ ಆ ಊರನ್ನು ಹಿಡಿಯಿತು. ಒಳಗಿದ್ದ ಮುಸ್ಲಿಮರನ್ನೂ ಯಹೂದಿಗಳನ್ನೂ ದೊಡ್ಡ ಸಂಖ್ಯೆಯಲ್ಲಿ ಕೊಂದಿತು. ಆಮೇಲೆ ಅಲ್ಲೇ ಒಂದು ಕ್ರೈಸ್ತ ರಾಜ್ಯ ಹುಟ್ಟಿತು. ಅದರ ಪೂರ್ವದ ಅಂಚನ್ನು ಕಾಯಲು ಜೋರ್ಡಾನ್ ನದಿಯ ಆಚೆ ಕೋಟೆಗಳ ಸಾಲು ಎದ್ದಿತು. ಕೈರೋದಿಂದ ಡಮಾಸ್ಕಸ್‌ಗೆ ಹೋಗುವ ವ್ಯಾಪಾರದ ದಾರಿ, ಮೆಕ್ಕಾಗೆ ಹೋಗುವ ಹಜ್ ದಾರಿ ಎರಡೂ ಇಲ್ಲೇ ಹಾದುಹೋಗುತ್ತಿದ್ದವು. ಈ ಕೋಟೆ ಹಿಡಿದವನಿಗೆ ಸುಂಕವೂ ಸಿಗುತ್ತಿತ್ತು, ಎದುರಾಳಿಯ ಕುತ್ತಿಗೆಯೂ ಸಿಗುತ್ತಿತ್ತು.

ಅಜ್ಲೂನ್ ಅಮ್ಮಾನ್‌ನಿಂದ ಉತ್ತರಕ್ಕೆ ಸುಮಾರು 75 ಕಿ.ಮೀ. ಬೆಳಗ್ಗೆ ಜೆರಾಶ್‌ನ ರೋಮನ್ ಊರು ನೋಡಿಕೊಂಡು ಮಧ್ಯಾಹ್ನ ಇಲ್ಲಿಗೆ ಬರಬಹುದು. ಆಗ ಈಜಿಪ್ಟ್, ಸಿರಿಯಾ ಆಳುತ್ತಿದ್ದ ಸುಲ್ತಾನ ಸಲಾದಿನ್‌ನ ಸೇನಾಪತಿ ಇಜ್ಜುದ್ದೀನ್ ಉಸಾಮಾ 1184ರ ಹೊತ್ತಿಗೆ ಇದನ್ನು ಕಟ್ಟಿಸಿದ. ಮಾಳಿಗೆಗೆ ಹತ್ತಿ ಪಶ್ಚಿಮಕ್ಕೆ ನೋಡಿ. ಕೆಳಗೆ ಜೋರ್ಡಾನ್ ಕಣಿವೆ ಪೂರ್ತಿ ಕಾಣುತ್ತದೆ, ಆಚೆಗೆ ಆಗ ಕ್ರುಸೇಡರುಗಳ ನೆಲ. ಪಾರಿವಾಳದ ಅಂಚೆ, ಬೆಂಕಿಯ ಸಂಕೇತ ಎರಡರಿಂದಲೂ ಇಲ್ಲಿಂದ ಸುದ್ದಿ ದಾಟುತ್ತಿತ್ತು. 1260ರಲ್ಲಿ ಮಂಗೋಲರು ಇದನ್ನು ಕೆಡವಿದರು, 1837 ಮತ್ತು 1927ರ ಭೂಕಂಪಗಳಲ್ಲೂ ಪೆಟ್ಟು ತಿಂದಿದೆ. ಒಂದೂವರೆ ಗಂಟೆ ಸಾಕು. 2023ರಲ್ಲಿ ಶುರುವಾದ ಕೇಬಲ್ ಕಾರ್ ಇದೆ, ಮಕ್ಕಳಿದ್ದರೆ ಖುಷಿಪಡುತ್ತಾರೆ.

ಈಗ ಕರಕ್. ಅಮ್ಮಾನ್‌ನಿಂದ ದಕ್ಷಿಣಕ್ಕೆ ಸುಮಾರು 130 ಕಿ.ಮೀ. ಡೆಸರ್ಟ್ ಹೈವೇಯಲ್ಲಿ ಹೋದರೆ ಎರಡು ಗಂಟೆಯೊಳಗೆ ಮುಟ್ಟಬಹುದು, ಆದರೆ ನೋಡಲು ಏನೂ ಇಲ್ಲ. ಕಿಂಗ್ಸ್ ಹೈವೇ ಹಿಡಿಯಿರಿ. ಮಾದಬಾದ ಚರ್ಚಿನ ನೆಲದಲ್ಲಿ 6ನೇ ಶತಮಾನದ ಮೊಸಾಯಿಕ್ ನಕ್ಷೆ ಇದೆ, ಅದರಲ್ಲಿ ಜೆರುಸಲೇಮ್ ಊರು ಗೋಡೆ, ಬಾಗಿಲು, ಬೀದಿ ಸಮೇತ ಕಾಣುತ್ತದೆ. ಕ್ರುಸೇಡರುಗಳು ಪ್ರಾಣ ಕೊಟ್ಟು ಗೆದ್ದ ಊರು ಅದಕ್ಕೂ ಐನೂರು ವರ್ಷ ಹಿಂದೆ ಹೇಗಿತ್ತು ಅಂತ ನೋಡಿಕೊಂಡು ಮುಂದೆ ಹೋಗಬಹುದು. ಆಮೇಲೆ ವಾದಿ ಮುಜಿಬ್ ಕಣಿವೆ. ಇಳಿದು ಹತ್ತುವಾಗ ಹೇರ್‌ಪಿನ್ ತಿರುವುಗಳು ಒಂದರ ಹಿಂದೆ ಒಂದು. ವಾಂತಿ ಬರುವವರು ಮಾತ್ರೆ ತಗೊಂಡು ಮುಂದಿನ ಸೀಟಿನಲ್ಲಿ ಕೂರಿ.

ಡ್ರೈವಿಂಗ್ ಬಗ್ಗೆ ಒಂದು ಮಾತು. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು. ಅಂತರರಾಷ್ಟ್ರೀಯ ಲೈಸೆನ್ಸ್ ಇಲ್ಲಿಂದಲೇ ಮಾಡಿಸಿಕೊಂಡು ಹೋಗಿ. ಊರು ಬಂದ ಕಡೆಯೆಲ್ಲ ಹಂಪ್‌ಗಳಿವೆ, ಬಹಳಷ್ಟಕ್ಕೆ ಬಣ್ಣವೂ ಇಲ್ಲ, ಬೋರ್ಡೂ ಇಲ್ಲ. ಕತ್ತಲಾದ ಮೇಲೆ ಓಡಿಸದಿರುವುದೇ ಒಳ್ಳೆಯದು. ಪಾಸ್‌ಪೋರ್ಟ್ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಿ, ದಾರಿಯಲ್ಲಿ ತಪಾಸಣೆ ಇರುತ್ತದೆ. ಕಾರು ಬೇಡ ಅನ್ನುವವರು ಡ್ರೈವರ್ ಸಮೇತ ಟ್ಯಾಕ್ಸಿ ಮಾತಾಡಿಕೊಳ್ಳಿ. ಮಿನಿಬಸ್ಸುಗಳಿವೆ, ಆದರೆ ತುಂಬಿದ ಮೇಲೆ ಹೊರಡುತ್ತವೆ. ಕಿಂಗ್ಸ್ ಹೈವೇ ಉದ್ದಕ್ಕೂ ಒಂದೇ ಬಸ್ಸಿನಲ್ಲಿ ಹೋಗಲು ಆಗುವುದಿಲ್ಲ.

ಕರಕ್ ಊರು ಗುಡ್ಡದ ಮೇಲಿದೆ, ಊರಿನ ದಕ್ಷಿಣ ತುದಿಯಲ್ಲಿ ಕೋಟೆ. ನಡುವೆ ಬಂಡೆ ಕಡಿದು ಮಾಡಿದ ಆಳವಾದ ಕಂದಕ. ಜೆರುಸಲೇಮ್ ರಾಜನ ಕೈಕೆಳಗಿನ ಪೇಗನ್ ಎಂಬ ಸರದಾರ 1142ರಲ್ಲಿ ಇದನ್ನು ಕಟ್ಟಲು ಶುರುಮಾಡಿದ. ಬೀದಿಗಳು ಕಿರಿದು, ಏಕಮುಖ ಸಂಚಾರ ಬೇರೆ. ಕೋಟೆ ಹತ್ತಿರ ಕಾರು ನಿಲ್ಲಿಸಲು ಜಾಗ ಕಡಿಮೆ, ಬೆಳಗ್ಗೆ ಬೇಗ ಹೋದರೆ ಸಿಗುತ್ತದೆ. ಟೂರ್ ಬಸ್ಸುಗಳು ಬರುವುದೂ ತಡವಾಗಿಯೇ. 2016ರ ಡಿಸೆಂಬರ್‌ನಲ್ಲಿ ಈ ಕೋಟೆಯಲ್ಲೇ ಉಗ್ರರ ದಾಳಿಯಾಗಿ ಜನ ಸತ್ತಿದ್ದರು. ಬಾಗಿಲಲ್ಲಿ ಪೊಲೀಸರು ಇರುತ್ತಾರೆ, ಬ್ಯಾಗ್ ನೋಡಿದರೆ ಬೇಜಾರು ಮಾಡಿಕೊಳ್ಳಬೇಡಿ.

ಒಳಗೆ ಹೋಗುವಾಗ ಒಳ್ಳೆಯ ಟಾರ್ಚ್ ಇರಲಿ. ಮೊಬೈಲ್ ಬೆಳಕು ಇಲ್ಲಿ ಸಾಲುವುದಿಲ್ಲ. ಕೋಟೆಯ ಬಹಳಷ್ಟು ಭಾಗ ಇರುವುದು ನೆಲದ ಕೆಳಗೆ, ಅಂತಸ್ತಿನ ಮೇಲೆ ಅಂತಸ್ತು. ಉದ್ದನೆಯ ಕಮಾನು ಛಾವಣಿಯ ಮೊಗಸಾಲೆಗಳು, ಲಾಯ, ಅಡುಗೆಮನೆ, ದೊಡ್ಡ ಒಲೆ, ಆಲಿವ್ ಅರೆಯುವ ಗುಂಡು ಕಲ್ಲು. ಛಾವಣಿಯ ಕಿಂಡಿಯಿಂದ ಬಿದ್ದ ಬಿಸಿಲಿನ ಪಟ್ಟಿಯಲ್ಲಿ ಧೂಳು ತೇಲುತ್ತಿರುತ್ತದೆ, ಅದರಾಚೆಗೆ ಕಗ್ಗತ್ತಲು. ಮೆಟ್ಟಿಲುಗಳು ಸವೆದಿವೆ, ಹಲವು ಕಡೆ ಕಂಬಿಯೂ ಇಲ್ಲ. ಹಿಡಿತವಿರುವ ಬೂಟು ಹಾಕಿಕೊಳ್ಳಿ, ಮಕ್ಕಳ ಕೈ ಬಿಡಬೇಡಿ.

ಗೋಡೆಗಳನ್ನು ಸುಮ್ನೆ ನೋಡಿ ಮುಂದೆ ಹೋಗಬೇಡಿ, ಮುಟ್ಟಿ ನೋಡಿ. ಒರಟಾದ, ಕಪ್ಪು ಮಿಶ್ರಿತ ಕೆಂಪು ಕಲ್ಲು ಕಂಡರೆ ಅದು ಕ್ರುಸೇಡರುಗಳ ಕೆಲಸ. ಅವಸರದಲ್ಲಿ ಜೋಡಿಸಿದಂತೆ ಇರುತ್ತದೆ. ನಯವಾಗಿ ಕೆತ್ತಿದ ಹಳದಿ ಸುಣ್ಣದ ಕಲ್ಲು ಕಂಡರೆ ಅದು ಆಮೇಲೆ ಬಂದ ಮುಸ್ಲಿಂ ದೊರೆಗಳದ್ದು: ಸಲಾದಿನ್‌ನ ಅಯ್ಯೂಬಿ ವಂಶದವರು, ಅವರ ನಂತರ ಆಳಿದ ಮಾಮ್ಲೂಕರು. ದಕ್ಷಿಣದ ದೊಡ್ಡ ಗೋಪುರ ಮಾಮ್ಲೂಕರ ಕಾಲದ್ದು. ಇಷ್ಟು ಗೊತ್ತಾದರೆ ಗೈಡ್ ಇಲ್ಲದೆಯೂ ಯಾರು ಎಲ್ಲಿಯವರೆಗೆ ಕಟ್ಟಿದರು, ಯಾರು ಮುಂದುವರಿಸಿದರು ಅಂತ ನೀವೇ ಹೇಳಬಹುದು. ಒಂದೇ ಗೋಡೆಯಲ್ಲಿ ಎರಡೂ ಬಣ್ಣ ಕೂಡಿರುವ ಜಾಗದಲ್ಲಿ ನಾವು ತುಂಬಾ ಹೊತ್ತು ನಿಂತಿದ್ದೆವು. ಅವರಿಗಿಂತ ಸಾವಿರ ವರ್ಷ ಹಳೆಯ, ಪೆಟ್ರಾ ಕಟ್ಟಿದ ನಬಾಟಿಯನ್ನರ ಕೆತ್ತನೆಯ ಕಲ್ಲನ್ನೂ ಗೋಡೆಗೆ ಸೇರಿಸಿಕೊಂಡಿದ್ದಾರೆ.

ಈ ಕೋಟೆಯ ಕಥೆ ಗೊತ್ತಿಲ್ಲದೆ ಹೋದರೆ ಬರೀ ಕಲ್ಲಿನ ರಾಶಿ ಅನಿಸಬಹುದು, ಹಾಗಾಗಿ ಹೇಳುತ್ತೇನೆ. 1170ರ ದಶಕದಲ್ಲಿ ಇದು ರೇನಾಲ್ಡ್ ಎಂಬ ಫ್ರೆಂಚ್ ಸರದಾರನ ಕೈಗೆ ಬಂತು. ಇಲ್ಲಿನ ವಾರಸುದಾರಿಣಿ, ವಿಧವೆ ಸ್ಟೆಫನಿಯನ್ನು ಅವನು ಮದುವೆಯಾಗಿದ್ದ. ಎರಡು ಕಡೆಯವರ ನಡುವೆ ಒಪ್ಪಂದ ಇದ್ದಾಗಲೂ ಅವನು ಕಾರವಾನ್‌ಗಳನ್ನು, ಅಂದರೆ ಒಂಟೆಗಳ ಮೇಲೆ ಸರಕು ಹೇರಿಕೊಂಡು ಹೋಗುವ ವ್ಯಾಪಾರಿಗಳ ತಂಡಗಳನ್ನು, ದೋಚುತ್ತಿದ್ದ. 1182-83ರಲ್ಲಿ ಹಡಗುಗಳನ್ನು ಕಟ್ಟಿಸಿ ಕೆಂಪು ಸಮುದ್ರಕ್ಕೇ ಇಳಿಸಿಬಿಟ್ಟ. ವ್ಯಾಪಾರಿಗಳ, ಹಜ್ ಯಾತ್ರಿಕರ ಹಡಗುಗಳ ಮೇಲೆ ದಾಳಿ ನಡೆಯಿತು. ಕರಾವಳಿಯವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ನಮ್ಮ ಕಡೆಯ ಮೆಣಸು ಯೆಮೆನ್‌ನ ಏಡನ್ ಬಂದರು ದಾಟಿ ಕೈರೋಗೆ ಹೋಗುತ್ತಿದ್ದುದು ಇದೇ ಕೆಂಪು ಸಮುದ್ರದಲ್ಲಿ. ಪೇಗನ್ ಕರಕ್‌ಗೆ ಕಲ್ಲು ಹೊರಿಸುತ್ತಿದ್ದ ವರ್ಷಗಳಲ್ಲೇ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಮನೆ ಮಾಡಿಕೊಂಡಿದ್ದ. ಅವನ ಪರವಾಗಿ ಏಡನ್‌ಗೆ ಸರಕು ಒಯ್ಯುತ್ತಿದ್ದವನು ಬೊಮ್ಮ. ಇವರ ಪತ್ರಗಳು ಕೈರೋದ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಸಿಕ್ಕಿವೆ. ಕರಕ್‌ನ ಬುರುಜಿನ ಮೇಲೆ ಇದು ನೆನಪಾದಾಗ ಈ ಯುದ್ಧ ಎಲ್ಲೋ ದೂರದ್ದು ಅಂತ ನನಗೆ ಅನಿಸಲೇ ಇಲ್ಲ.

1183ರಲ್ಲಿ ಕೋಟೆಯೊಳಗೆ ಮದುವೆ ಸಂಭ್ರಮ. ಸ್ಟೆಫನಿಯ ಮಗ ಹಂಫ್ರಿಗೂ ಜೆರುಸಲೇಮ್ ರಾಜನ ತಂಗಿ ಇಸಬೆಲ್ಲಾಗೂ ಮದುವೆ. ಹುಡುಗಿಗೆ ಆಗ 11 ವರ್ಷ. ಅದೇ ಹೊತ್ತಿಗೆ ಸಲಾದಿನ್ ಸೈನ್ಯ ಬಂದು ಮುತ್ತಿಗೆ ಹಾಕಿತು. ಊರು ಹೋಯಿತು, ಕಂದಕ ಕೋಟೆಯನ್ನು ಉಳಿಸಿತು. ಸ್ಟೆಫನಿ ಮದುವೆ ಊಟದ ತಿಂಡಿಗಳನ್ನು ಸಲಾದಿನ್‌ಗೆ ಕಳಿಸಿದಳಂತೆ. ವಧೂವರರು ಯಾವ ಗೋಪುರದಲ್ಲಿದ್ದಾರೆ ಅಂತ ಕೇಳಿಕೊಂಡ ಅವನು, ಅದರ ಮೇಲೆ ಕಲ್ಲು ಎಸೆಯಬೇಡಿ ಅಂದನಂತೆ. ಒಬ್ಬ ಕ್ರೈಸ್ತ ಬರಹಗಾರನೇ ಬರೆದಿಟ್ಟ ಮಾತಿದು. ಕುಷ್ಠರೋಗದಿಂದ ನಡೆಯಲೂ ಆಗದಿದ್ದ ರಾಜ ನಾಲ್ಕನೇ ಬಾಲ್ಡ್ವಿನ್ ಪಲ್ಲಕ್ಕಿಯಲ್ಲಿ ಸೈನ್ಯದೊಂದಿಗೆ ಬಂದ ಮೇಲೆ ಮುತ್ತಿಗೆ ತೆರವಾಯಿತು.

1187ರ ಜುಲೈ 4ರಂದು ಗಲಿಲೀ ಸರೋವರದ ಹತ್ತಿರದ ಹತ್ತೀನ್‌ನಲ್ಲಿ ಸಲಾದಿನ್ ಎದುರು ಕ್ರುಸೇಡರುಗಳ ಸೈನ್ಯ ನಾಶವಾಯಿತು. ಸೆರೆಸಿಕ್ಕ, ಆಗಿನ ಜೆರುಸಲೇಮ್ ರಾಜ ಗೀ ಎಂಬವನಿಗೆ ಸಲಾದಿನ್ ತಣ್ಣನೆಯ ಪಾನೀಯ ಕೊಟ್ಟ, ರೇನಾಲ್ಡ್‌ನನ್ನು ತಾನೇ ಕೈಯಾರೆ ಕಡಿದ. ಅಕ್ಟೋಬರ್‌ನಲ್ಲಿ ಜೆರುಸಲೇಮ್ ಶರಣಾಯಿತು. ಕರಕ್ ಮಾತ್ರ ಬಗ್ಗಲಿಲ್ಲ. ಹಂಫ್ರಿಯೂ ಹತ್ತೀನ್‌ನಲ್ಲಿ ಸೆರೆಯಾಗಿದ್ದ. ಮಗನನ್ನು ಬಿಟ್ಟರೆ ಕೋಟೆ ಬಿಟ್ಟುಕೊಡುತ್ತೇನೆ ಅಂತ ತಾಯಿ ಒಪ್ಪಿಕೊಂಡಳು. ಕೋಟೆಯೊಳಗಿನ ಸೈನಿಕರು ಒಪ್ಪಲಿಲ್ಲ. ಕೊಟ್ಟ ಮಾತು ನಡೆಸಲಾಗಲಿಲ್ಲ ಅಂತ ಸ್ಟೆಫನಿ ಮಗನನ್ನು ಮತ್ತೆ ಸೆರೆಗೆ ಕಳಿಸಿದಳು. ಸಲಾದಿನ್ ಆಮೇಲೆ ಅವನನ್ನು ಬಿಟ್ಟುಬಿಟ್ಟ. ಒಂದು ವರ್ಷಕ್ಕೂ ಜಾಸ್ತಿ ಹಸಿವು ತಡೆದುಕೊಂಡು ಕರಕ್ ಶರಣಾದದ್ದು 1188ರ ಕೊನೆಗೆ. ಇವತ್ತು ನೀವು ಟಾರ್ಚ್ ಹಿಡಿದು ನೋಡುವ ಆ ಖಾಲಿ ಉಗ್ರಾಣಗಳು ಆ ವರ್ಷವೂ ಖಾಲಿಯೇ ಆಗಿದ್ದವು.

ಇದೆಲ್ಲದರ ನಡುವೆ ವ್ಯಾಪಾರ ನಿಂತಿರಲಿಲ್ಲ. 1184ರಲ್ಲಿ ಈ ಕಡೆ ಬಂದಿದ್ದ ಸ್ಪೇನಿನ ಮುಸ್ಲಿಂ ಯಾತ್ರಿಕ ಇಬ್ನ್ ಜುಬೈರ್ ಬರೆದಿದ್ದಾನೆ: ಸಲಾದಿನ್ ಕರಕ್‌ಗೆ ಮುತ್ತಿಗೆ ಹಾಕಿದ್ದಾಗಲೂ ಮುಸ್ಲಿಮರ ಡಮಾಸ್ಕಸ್‌ನಿಂದ ಕ್ರುಸೇಡರುಗಳ ಬಂದರು ಆಕ್ರೆಗೆ ಕಾರವಾನ್‌ಗಳು ಹೋಗಿಬರುತ್ತಿದ್ದವು, ಎರಡೂ ಕಡೆ ಸುಂಕ ಕೊಟ್ಟು. ಕ್ರೈಸ್ತರು ಒಂದು ಕಡೆ, ಮುಸ್ಲಿಮರು ಇನ್ನೊಂದು ಕಡೆ ಅಂತ ಗೆರೆ ಎಳೆದು ಈ ಇತಿಹಾಸ ಹೇಳುವ ಗೈಡ್‌ಗಳು ಸಿಗುತ್ತಾರೆ. ಅಂಥವರಿಗೆ ಈ ಕಾರವಾನ್‌ಗಳ ಬಗ್ಗೆ ಕೇಳಿ ನೋಡಿ.

ಕೋಟೆಯೊಳಗೆ ಒಂದು ಚಿಕ್ಕ ಮ್ಯೂಸಿಯಂ ಇದೆ, ಸಮಯವಿದ್ದರೆ ನೋಡಿ. ಊಟಕ್ಕೆ ಊರಿನ ಬೀದಿಗೆ ಬನ್ನಿ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಕಡಲೆಯ ಹಮ್ಮಸ್, ಫಲಾಫೆಲ್, ಬೇಯಿಸಿದ ಅವರೆಯಂಥ ಕಾಳಿನ ಫೂಲ್, ಸುಟ್ಟ ಬದನೆಕಾಯಿಯ ಮುತಬ್ಬಲ್ ಎಲ್ಲ ಕಡೆ ಸಿಗುತ್ತವೆ. ಗಲಾಯತ್ ಬಂದೋರಾ ಕೇಳಿ ಹಾಕಿಸಿಕೊಳ್ಳಿ. ಬಾಣಲೆಯಲ್ಲಿ ಬೆಂದ ಟೊಮೆಟೊ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ನಮ್ಮ ಟೊಮೆಟೊ ಗೊಜ್ಜಿನ ಅಣ್ಣನೇ ಸರಿ. ಆದರೆ ಮಾಂಸ ಹಾಕಿಯೂ ಮಾಡುತ್ತಾರೆ, ಕೇಳಿಕೊಂಡು ತಗೊಳ್ಳಿ. ಮಾಂಸ ತಿನ್ನುವವರು ಕರಕ್‌ನಲ್ಲಿ ಮನ್ಸಫ್, ಅಂದರೆ ಮೊಸರಿನ ಸಾರಿನಲ್ಲಿ ಬೆಂದ ಕುರಿಮಾಂಸ ಮತ್ತು ಅನ್ನ, ತಿನ್ನದೆ ಬರಬೇಡಿ. ಅದಕ್ಕೆ ಹಾಕುವ ಜಮೀದ್, ಅಂದರೆ ಒಣಗಿಸಿದ ಮೊಸರಿನ ಉಂಡೆ, ಈ ಊರಿನದ್ದೇ ಹೆಸರುವಾಸಿ.

ಕರಕ್‌ನಿಂದ ತಫೀಲಾ ಮೇಲೆ ಶೋಬಕ್‌ಗೆ ಎರಡು ಗಂಟೆ ಇಟ್ಟುಕೊಳ್ಳಿ. ಬೋಳು ಗುಡ್ಡದ ಮೇಲೆ ಒಂಟಿ ಕೋಟೆ, ದೂರದಿಂದಲೇ ಕಾಣುತ್ತದೆ. ಮೊದಲನೇ ಬಾಲ್ಡ್ವಿನ್ 1115ರಲ್ಲಿ ಕಟ್ಟಿಸಿದ್ದು, ಕರಕ್‌ಗಿಂತ ಹಳೆಯದು. 1189ರಲ್ಲಿ ಬಿದ್ದದ್ದೂ ಕರಕ್ ಆದಮೇಲೆಯೇ. ಗೋಪುರದ ಹೊರಗೋಡೆಯ ಸುತ್ತ ಮಾಮ್ಲೂಕರ ಅರಬಿ ಬರಹದ ಪಟ್ಟಿ ಇದೆ, ಒಳಗೆ ಕ್ರುಸೇಡರುಗಳ ಚರ್ಚಿನ ಕಮಾನು ಇದೆ. ಗುಡ್ಡದ ಹೊಟ್ಟೆಯೊಳಗೆ ಬುಗ್ಗೆಯ ನೀರಿಗೆ ಇಳಿಯುವ ಸುರಂಗವಿದೆ, ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು, ಜಾರುತ್ತವೆ, ಕತ್ತಲು. ಮಂಡಿನೋವು ಇರುವವರು, ಇಕ್ಕಟ್ಟು ಜಾಗ ಆಗದವರು ಇಳಿಯಲೇಬೇಡಿ. ಇಳಿಯುವವರು ಒಬ್ಬರೇ ಇಳಿಯಬೇಡಿ, ಬಾಗಿಲಲ್ಲಿ ಇರುವವರಿಗೆ ಹೇಳಿಯೇ ಹೋಗಿ. ಈ ಕೋಟೆಯಲ್ಲಿ ಜನವೇ ಇರುವುದಿಲ್ಲ.

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಚಳಿಗಾಲದಲ್ಲಿ ಶೋಬಕ್ ಕಡೆ ಹಿಮ ಬೀಳುವುದೂ ಉಂಟು. ರಂಜಾನ್ ತಿಂಗಳಲ್ಲಿ ಕೋಟೆಗಳು ಬೇಗ ಮುಚ್ಚುತ್ತವೆ, ಹಗಲು ಹೋಟೆಲ್‌ಗಳೂ ತೆರೆದಿರುವುದು ಕಡಿಮೆ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಶೋಬಕ್‌ನಿಂದ ಪೆಟ್ರಾದ ವಾದಿ ಮೂಸಾ ಊರಿಗೆ ಮುಕ್ಕಾಲು ಗಂಟೆಯ ದಾರಿ, ಸಂಜೆ ಬೆಳಕಿರುವಾಗಲೇ ಹೊರಟುಬಿಡಿ. ಕೋಟೆಗಳ ರುಚಿ ಹತ್ತಿದ್ದರೆ ವಾದಿ ಮೂಸಾದ ಪಕ್ಕದಲ್ಲೇ ಅಲ್ ವುಐರಾ ಅಂತ ಕ್ರುಸೇಡರುಗಳ ಇನ್ನೊಂದು ಪಾಳುಕೋಟೆ ಇದೆ. ಹಾದಿ ಕಷ್ಟ, ಕಂದರಗಳೂ ಇವೆ, ಅಲ್ಲಿಗೆ ಸ್ಥಳೀಯರೊಬ್ಬರನ್ನು ಜೊತೆಗೆ ಕರೆದುಕೊಂಡೇ ಹೋಗಿ.