ಮಂಗಳನಲ್ಲಿ ಮನೆ ಮಾಡುವುದು ನ್ಯಾಯವೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕುಂಬಳೆಯ ಶಾಲೆಯಿರಲಿ, ಬದಿಯಡ್ಕದ ಗ್ರಂಥಾಲಯವಿರಲಿ, ಆಕಾಶದ ಮಾತು ಬಂದರೆ ಕೊನೆಗೆ ಏಳುವ ಪ್ರಶ್ನೆ ಒಂದೇ: "ಮನುಷ್ಯ ಮಂಗಳ ಗ್ರಹದಲ್ಲಿ ನೆಲೆಯೂರುವುದು ಸರಿಯಾ?" ಹೋಗಿ ಬರುವುದು ಸರಿ, ನೆಲೆಯೂರುವುದು ಸದ್ಯಕ್ಕೆ ಸರಿಯಲ್ಲ ಎನ್ನುವುದು ನನ್ನ ಉತ್ತರ.

"ಬೇಸಿಗೆಯಲ್ಲಿ ನಮ್ಮ ಬಾವಿಯೇ ಬತ್ತುತ್ತದೆ, ಅಲ್ಲಿಗೆ ದುಡ್ಡು ಸುರಿಯುವುದೇಕೆ?" ಎಂಬ ಆಕ್ಷೇಪವೂ ಜೊತೆಗೇ ಬರುತ್ತದೆ. ರಾಕೆಟ್ ನಿಲ್ಲಿಸಿದರೆ ಆ ಹಣ ನಮ್ಮ ಬಾವಿಗೆ ಬರುತ್ತದೆಂದು ಯಾರೂ ಹೇಳಿಲ್ಲ. ನನ್ನ ತಕರಾರು ಬೇರೆ.

ಸೂಕ್ಷ್ಮಾಣುವಿನಿಂದ ಶುರುಮಾಡೋಣ. 1967ರ ಬಾಹ್ಯಾಕಾಶ ಒಪ್ಪಂದದ 9ನೇ ವಿಧಿಯಂತೆ ಬೇರೆ ಗ್ರಹಗಳನ್ನು ಮಲಿನ ಮಾಡುವಂತಿಲ್ಲ. 1976ರಲ್ಲಿ ಮಂಗಳನ ಮೇಲೆ ಇಳಿದ ವೈಕಿಂಗ್ ನೌಕೆಗಳನ್ನು ಹಾರಿಸುವ ಮುಂಚೆ ಸುಮಾರು 112 ಡಿಗ್ರಿ ಸೆಲ್ಸಿಯಸ್ ಒಣಶಾಖದಲ್ಲಿ 30 ಗಂಟೆ ಇಟ್ಟಿದ್ದರು. ಬಾಹ್ಯಾಕಾಶ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿಯಾದ ಕೋಸ್ಪಾರ್‌ನ ನಿಯಮದಂತೆ, ಜೀವ ಹುಡುಕಲು ಹೋಗದ ಸಾಮಾನ್ಯ ಯಂತ್ರದ ಮೈಮೇಲೂ 3 ಲಕ್ಷಕ್ಕಿಂತ ಹೆಚ್ಚು ಬೀಜಾಣು ಇರಕೂಡದು. ಮನುಷ್ಯನ ಮೈಯಲ್ಲಿರುವ ಬ್ಯಾಕ್ಟೀರಿಯಾ ಹತ್ತಾರು ಲಕ್ಷ ಕೋಟಿ, ಅವನನ್ನು ಬೇಯಿಸುವ ಹಾಗೂ ಇಲ್ಲ! ಸೂಟಿನ ಸಂದು, ಏರ್‌ಲಾಕ್, ಶೌಚದ ತ್ಯಾಜ್ಯ, ಎಲ್ಲಿಂದಾದರೂ ಸೋರಿಯೇ ಸೋರುತ್ತದೆ. ಹೊರಬಿದ್ದದ್ದರಲ್ಲಿ ಬಹುಪಾಲು ಅತಿನೇರಳೆ ಕಿರಣಕ್ಕೆ ಸಾಯುತ್ತದೆ. ನೆಲದಡಿಯ ಮಂಜುಗಡ್ಡೆಯ ಬಳಿ ಸ್ವಲ್ಪ ಉಳಿದರೂ, ಮುಂದೆ ಸಿಕ್ಕುವ ಜೀವ ಅಲ್ಲಿಯದೋ ನಮ್ಮದೋ ಎಂಬ ಗೊಂದಲ ತೀರುವುದಿಲ್ಲ. ಹುಡುಕಾಟ ಮೊದಲು ಮುಗಿಯಲಿ.

ಗಾಳಿಯದ್ದು ಇದಕ್ಕಿಂತ ದೊಡ್ಡ ವಿಷಯ. ನಮ್ಮಲ್ಲಿ ನೀರಿಗಾಗಿ ಮುರಕಲ್ಲಿನ ಗುಡ್ಡಕ್ಕೆ ಸುರಂಗ ಕೊರೆಯುವವರು ಒಳಗೆ ಮೇಣದಬತ್ತಿ ಉರಿಸಿಟ್ಟಿರುತ್ತಾರೆ. ಉರಿ ಮಂಕಾಯಿತೋ, ಆಮ್ಲಜನಕ ಕಡಿಮೆಯಾಯಿತೆಂದು ಪಿಕ್ಕಾಸು ಅಲ್ಲೇ ಬಿಟ್ಟು ಹೊರಗೆ ಬರುತ್ತಾರೆ. ಅದಕ್ಕೆ ಧಣಿಯ ಅಪ್ಪಣೆ ಬೇಕಿಲ್ಲ. ಮಂಗಳನಲ್ಲಿ ಹೊರಗೆ ಬಂದರೆ ಇಲ್ಲಿಯ ಶೇಕಡಾ 1ರಷ್ಟೂ ವಾಯುಒತ್ತಡವಿಲ್ಲ, ಇರುವುದೂ ಬಹುತೇಕ ಕಾರ್ಬನ್ ಡೈಆಕ್ಸೈಡ್. ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ, ಅಂದರೆ ಗಂಟೆಗೆ 35 ಗ್ರಾಂ ಆಮ್ಲಜನಕ ಬೇಕು. ಮಂಗಳನ ನೆಲದಲ್ಲಿ ಓಡಾಡುವ ನಾಸಾದ ಯಂತ್ರ ಪರ್ಸಿವರೆನ್ಸ್ ರೋವರಿನಲ್ಲಿದ್ದ ಮಾಕ್ಸಿ ಎಂಬ ಉಪಕರಣ ಅಲ್ಲಿನ ಗಾಳಿಯಿಂದ 16 ಸರ್ತಿಯಲ್ಲಿ ತೆಗೆದ ಆಮ್ಲಜನಕ ಒಟ್ಟು 122 ಗ್ರಾಂ, ಒಬ್ಬರಿಗೆ ಮೂರೂವರೆ ಗಂಟೆಯ ಉಸಿರು. ಯಂತ್ರವನ್ನು ದೊಡ್ಡದು ಮಾಡಬಹುದು. ಅದರ ವಾಲ್ವ್ ಯಾರ ಕೈಯಲ್ಲಿ ಇರುತ್ತದೆ? ಸಂಬಳ ಕೊಡುವ ಕಂಪನಿಯೇ ಗಾಳಿಯನ್ನೂ ಕೊಡುವುದಾದರೆ ಮುಷ್ಕರ ಹೂಡುವುದು ಹೇಗೆ? ರಾಜೀನಾಮೆ ಕೊಟ್ಟವನು ಮರುದಿನ ಏನನ್ನು ಉಸಿರಾಡಬೇಕು?

ವಾಪಸಾಗುವ ದಾರಿಯೂ ಬೇಕಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ತಲೆಗೊಂದು ವಾಪಸ್ ಸೀಟು ಇಡುವ ಪದ್ಧತಿಯಿದೆ. 2022ರ ಡಿಸೆಂಬರಿನಲ್ಲಿ ವಾಪಸ್ ತರಬೇಕಿದ್ದ ಸೊಯುಜ್ ಎಂಎಸ್-22 ನೌಕೆಯ ಶೀತಕ ಸೋರಿದಾಗ, ಗಗನಯಾತ್ರಿ ಫ್ರಾಂಕ್ ರೂಬಿಯೊ ಅವರ ಮೈಗೆ ಹೊಂದುವ ಸೀಟಿನ ಅಚ್ಚನ್ನು ಅಲ್ಲೇ ಇದ್ದ ಡ್ರ್ಯಾಗನ್ ನೌಕೆಗೆ ಸಾಗಿಸಿದರು. ಫೆಬ್ರುವರಿಯಲ್ಲಿ ಜನರಿಲ್ಲದ ಸೊಯುಜ್ ಒಂದನ್ನು ಕಳಿಸಿಕೊಟ್ಟರು. ಮಂಗಳನಿಗೆ ಹಾಗೆ ಕಳಿಸಲಾಗದು. ಹಾರಲು ಅನುಕೂಲದ ಕಾಲ 26 ತಿಂಗಳಿಗೊಮ್ಮೆ ಬರುತ್ತದೆ, ದಾರಿಯೇ 6ರಿಂದ 9 ತಿಂಗಳಿನದು.

ದೊಡ್ಡವರಾದರೆ ತಿಳಿದೇ ಸಹಿ ಹಾಕಿ ಹೋಗುತ್ತಾರೆ ಎನ್ನಬಹುದು. ಅಲ್ಲಿ ಹುಟ್ಟುವ ಮಗುವಿನ ಸಹಿ ಯಾರು ಹಾಕುವುದು? ಗುರುತ್ವ ಇಲ್ಲಿಯದರ ಶೇಕಡಾ 38. ಅದರಲ್ಲಿ ಬೆಳೆದ ಎಲುಬು ಭೂಮಿಯ ಭಾರ ತಾಳದಿದ್ದರೆ ಮಗುವಿಗೆ ವಾಪಸ್ ಸೀಟು ಇದ್ದೂ ಉಪಯೋಗವಿಲ್ಲ. ಕ್ಯೂರಿಯಾಸಿಟಿ ರೋವರ್ ನೆಲದ ಮೇಲೆ ಅಳೆದ ವಿಕಿರಣ ದಿನಕ್ಕೆ ಸುಮಾರು 0.67 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ನಾಸಾ ತನ್ನ ಗಗನಯಾತ್ರಿಗಳ ಇಡೀ ವೃತ್ತಿಗೆ ಇಟ್ಟಿರುವ 600 ಮಿಲಿಸೀವರ್ಟ್ ಮಿತಿ ಎರಡೂವರೆ ವರ್ಷಕ್ಕೇ ಮುಗಿಯುತ್ತದೆ. ಮೀಟರುಗಟ್ಟಲೆ ಮಣ್ಣು ಹೊದಿಸಿದರೆ ತಗ್ಗುತ್ತದೆ, ಆಗ ಬಾಲ್ಯವೆಲ್ಲ ನೆಲದಡಿಯಲ್ಲಿ ಕಳೆಯಬೇಕು. ಆ ಮಣ್ಣಿನಲ್ಲಿ ಥೈರಾಯ್ಡ್ ಕೆಡಿಸುವ ಪರ್ಕ್ಲೋರೇಟ್ ಎಂಬ ಲವಣ ಬೇರೆ ಇದೆ.

ಕಾನೂನು ಇಲ್ಲದಿಲ್ಲ. 1967ರ ಒಪ್ಪಂದದಂತೆ ಖಾಸಗಿ ಕಂಪನಿಗೆ ಅನುಮತಿ ಕೊಟ್ಟು ಮೇಲ್ವಿಚಾರಣೆ ಮಾಡಬೇಕಾದದ್ದು ಅದರ ದೇಶ. ಹಾಗಾಗಿ ಲೈಸೆನ್ಸ್ ಕೊಡುವಾಗಲೇ ಷರತ್ತು ಬರೆಯಬೇಕು: ಗಾಳಿ, ನೀರು ಕೆಲಸದ ಕರಾರಿನೊಳಗೆ ಬರಕೂಡದು. ಪೂರಾ ಜನಕ್ಕೆ ಸಾಲುವ ಎರಡನೇ ಆಮ್ಲಜನಕ ಯಂತ್ರ ಬೇಕು, ಅದರ ಕೀಲಿ ನಿವಾಸಿಗಳೇ ಆರಿಸಿದವರ ಬಳಿ ಇರಬೇಕು. ಪ್ರತಿ ಹಾರಾಟದ ಕಾಲಕ್ಕೂ ಬೇಕೆಂದವರಿಗೆಲ್ಲ ಪುಕ್ಕಟೆ ಸೀಟು ಕಾದಿರಬೇಕು. ಭೂಕಕ್ಷೆಯಲ್ಲಿ ತಿರುಗುವ ಯಂತ್ರದೊಳಗೆ ಶೇಕಡಾ 38ರ ಗುರುತ್ವದಲ್ಲಿ ಇಲಿಗಳ ಎರಡು ಮೂರು ತಲೆಮಾರು ಬೆಳೆಸಿ ನೋಡುವ ತನಕ ಕುಟುಂಬಗಳನ್ನು ಕಳಿಸಕೂಡದು.