ಸರ್ಟಿಫಿಕೇಟ್ ಕೊಡುತ್ತಾರೆಯೇ ಎಂದು ಕೇಳುವವರಿಗೆ

ವಿಪತ್ತಿನಲ್ಲಿ ಬದುಕುಳಿಯುವುದನ್ನು ಕಲಿಸುವ ತರಬೇತಿ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ ನನಗೆ ಪ್ರತಿ ವರ್ಷ ಜೂನ್‌ನಲ್ಲಿ ಬರುತ್ತದೆ. ಡಿಸೆಂಬರಿನಲ್ಲಿ ಯಾರೂ ಕೇಳಿದ್ದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದ ಮೇಲೆ ನಾನು ಒಂದೆರಡು ತರಬೇತಿ ಪಡೆದದ್ದು ನೆಂಟರಿಗೆಲ್ಲ ಗೊತ್ತಾಗಿರುವುದೇ ಇದಕ್ಕೆ ಕಾರಣ. ಹೇಳಿ ಹೇಳಿ ಸಾಕಾಗಿದೆ, ಬರೆದಿಡುತ್ತೇನೆ.

ಪ್ರಥಮ ಚಿಕಿತ್ಸೆಗೆ ರೆಡ್‌ಕ್ರಾಸ್ ಇದೆ, ಸೇಂಟ್ ಜಾನ್ ಆಂಬ್ಯುಲೆನ್ಸ್ ಇದೆ. ಸಮವಸ್ತ್ರ ತೊಟ್ಟು ದುಡಿಯುವ ಮನಸ್ಸಿದ್ದರೆ ಗೃಹರಕ್ಷಕ ದಳವಿದೆ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆಯಲ್ಲಿ ಸ್ವಯಂಸೇವಕರಿಗೆ 12 ದಿನಗಳ ತರಬೇತಿ ಕೊಟ್ಟಿದ್ದಾರೆ. ಹೊಸ ತಂಡ ಯಾವಾಗ ಎಂಬುದನ್ನು ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕೇ ಹೊರತು ನನ್ನಲ್ಲಲ್ಲ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಶೋಧ ಮತ್ತು ರಕ್ಷಣೆಯನ್ನೂ ಕಲಿಸುತ್ತದೆ, ಆದರೆ ಅದಕ್ಕೆ ಮೊದಲು ಬೆಟ್ಟ ಹತ್ತುವುದನ್ನು ಕಲಿತಿರಬೇಕು.

ಇಷ್ಟೇ ಉತ್ತರ. ಆದರೆ ಕೇಳುವವರಿಗೆ ಇದು ರುಚಿಸುವುದಿಲ್ಲ. ಕಳೆದ ವರ್ಷ ಒಂದು ನಿಶ್ಚಿತಾರ್ಥದ ಪಂಕ್ತಿಯಲ್ಲಿ, ನಾನು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿರುವಾಗಲೇ, ಪಕ್ಕದಲ್ಲಿದ್ದ ಭಾವ “ಶನಿವಾರ, ಭಾನುವಾರದಲ್ಲಿ ಮುಗಿಯುತ್ತಾ? ಸರ್ಟಿಫಿಕೇಟ್ ಕೊಡ್ತಾರಾ? ಕಲ್ಲು ಉಜ್ಜಿ ಬೆಂಕಿ ಮಾಡೋದು ಹೇಳಿಕೊಡ್ತಾರಲ್ಲ, ಅಂಥದ್ದು ಬೇಕು” ಎಂದರು. ಅಂಥದ್ದಕ್ಕೂ ನಾನು ದುಡ್ಡು ಕಟ್ಟಿ ಹೋಗಿ ಬಂದವನೇ. ಒಂದು ರೆಸಾರ್ಟಿನಲ್ಲಿ ಎರಡು ದಿನ ಕಿಡಿ ಹಾರಿಸಿದೆವು, ಮಧ್ಯಾಹ್ನ ಬಿರಿಯಾನಿ ತಿಂದೆವು. ಆಗಸ್ಟ್‌ನಲ್ಲಿ ಬೆಂಕಿಪೊಟ್ಟಣವೇ ತೇವ ಹಿಡಿದು ಕೂರುವ ನಮ್ಮೂರಿನಲ್ಲಿ ಆ ಕಿಡಿಗೆ ಒಣ ತರಗೆಲೆಯನ್ನು ಎಲ್ಲಿಂದ ತರಬೇಕೆಂದು ಯಾರೂ ಹೇಳಲಿಲ್ಲ.

ಉಪಯೋಗಕ್ಕೆ ಬಂದದ್ದು ಫ್ಯಾನಿನ ಕೆಳಗೆ ಕುಳಿತು ಕಲಿತ ಸಪ್ಪೆ ಪಾಠ. ಹೃದಯ ನಿಂತವರನ್ನು ಉಳಿಸಲು ಎದೆ ಒತ್ತುವುದನ್ನು ಕಲಿಯುವಾಗ ರಬ್ಬರ್ ಬೊಂಬೆಯ ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಐದಾರು ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ಎರಡು ನಿಮಿಷ ಆಗುವಷ್ಟರಲ್ಲಿ ನನ್ನ ತೋಳು ಸೋತಿತು, ಒಬ್ಬನೇ ಇದ್ದರೆ ಎಷ್ಟು ಕಷ್ಟವೆಂದು ಅಲ್ಲೇ ಅರ್ಥವಾಯಿತು.

ಭಾವ ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು: ಮನೆಯ ಹಿಂದಿನ ಗುಡ್ಡದ ಬರೆಯಲ್ಲಿ ಹೊಸ ಬಿರುಕು ಕಂಡು ರಾತ್ರಿಯೇ ಹೊರಡಬೇಕಾದರೆ, ನಡೆಯಲಾಗದ ಅಜ್ಜಿಯನ್ನು ಯಾರು ಎತ್ತಿಕೊಳ್ಳುತ್ತಾರೆ? ನಮ್ಮ ಮನೆಯಿಂದ ರಸ್ತೆಗೆ ಮೆಟ್ಟಿಲು ಹತ್ತಬೇಕು. ತರಬೇತಿಯಲ್ಲಿ ಕಲಿತಂತೆ ಎರಡು ಬಿದಿರಿನ ಗಳಕ್ಕೆ ಗೋಣಿಚೀಲ ತೂರಿಸಿ ಡೋಲಿ ಮಾಡಿ, ಪಕ್ಕದ ಮನೆಯ ಹುಡುಗನನ್ನು ಮಲಗಿಸಿ ಹೊತ್ತೆವು. ಚೀಲ ಹರಿಯಲಿಲ್ಲ, ಗಂಟು ಬಿಚ್ಚಲಿಲ್ಲ, ಆದರೆ ಮೆಟ್ಟಿಲ ತಿರುವಿನಲ್ಲಿ ಗಳ ತಿರುಗಲಿಲ್ಲ. ಮೈದಾನದಲ್ಲಿ ಕಲಿಸಿದವರ ತಪ್ಪೇನೂ ಅಲ್ಲ, ಅಲ್ಲಿ ತಿರುವೇ ಇರಲಿಲ್ಲ. ಕೊನೆಗೆ ಕೈಯಿರುವ ಪ್ಲಾಸ್ಟಿಕ್ ಕುರ್ಚಿಗೆ ಹಗ್ಗ ಬಿಗಿದು ಅಜ್ಜಿಯನ್ನೇ ಕೂರಿಸಿ, ಮುಂದೊಬ್ಬರು ಹಿಂದೊಬ್ಬರು ಹಿಡಿದು ಹತ್ತಿದೆವು. ಅಜ್ಜಿ ಅರ್ಧದಾರಿಯಲ್ಲಿ ಎಲೆಅಡಿಕೆ ಸಂಚಿ ಮರೆತಿದೆಯೆಂದು ವಾಪಸ್ ಇಳಿಸಿದರು. ಆ ಸಂಚಿ ಈಗ ಕುರ್ಚಿಯ ಕೈಗೇ ನೇತಾಡುತ್ತಿದೆ.